ಹುಣ್ಣಿಮೆಯ ಉಬ್ಬರ ಮಳೆ ತರುವುದೇ?



ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಡಲು ಉಕ್ಕುತ್ತದೆ, ಜೊತೆಗೆ ಮಳೆಯನ್ನೂ ತರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಇದನ್ನೇ ನೆಚ್ಚಿ ಬೀಜ ಬಿತ್ತಬಹುದೇ? ಬೇಡ.

ಚಂದ್ರ, ಸೂರ್ಯರ ಸೆಳೆತದಿಂದ ನಮ್ಮ ಕರಾವಳಿಯಲ್ಲಿ ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಕಡಲು ಉಬ್ಬುತ್ತದೆ. ಈ ಸೆಳೆತ ಗಾಳಿಯ ಮೇಲೂ ಉಂಟು. ಆದರೆ ಅದರಿಂದ ಮಳೆಯಲ್ಲಾಗುವ ವ್ಯತ್ಯಾಸ ಅತ್ಯಲ್ಪ.

ಹಾಗೆಂದು ಉಬ್ಬರಕ್ಕೂ ಹವೆಗೂ ಸಂಬಂಧವೇ ಇಲ್ಲವೆಂದಲ್ಲ. ಉಬ್ಬರವಿಳಿತಗಳು ಮಜ್ಜಿಗೆ ಕಡೆದಂತೆ ಕಡಲನ್ನು ಕಡೆಯುತ್ತವೆ. ಇಂಡೋನೇಷ್ಯದ ದ್ವೀಪಗಳ ನಡುವೆ ಹೀಗೆ ಆಳದ ತಣ್ಣೀರು ಬೆರೆತು ಮೇಲ್ನೀರು ತಂಪಾಗುತ್ತದೆ; ಅಲ್ಲಿಯ ಮೋಡ, ಮಳೆ ತಗ್ಗುತ್ತವೆ. ಆದರೆ ಇದು ಸದಾ ನಡೆದಿರುವ ಕೆಲಸ, ಒಂದು ಹುಣ್ಣಿಮೆಯದಲ್ಲ.

ಉಬ್ಬರದ ಲೆಕ್ಕ ನಿಜವಾಗಿ ಬೇಕಾದುದು ಕರಾವಳಿಯ ರೈತರಿಗೆ. ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯ ಗಜನಿ ಗದ್ದೆಗಳನ್ನೇ ನೋಡಿ. ಜಡಿಮಳೆಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬಂದರೆ ನೆರೆನೀರು ಕಡಲಿಗೆ ಇಳಿಯದೆ ಗದ್ದೆಯಲ್ಲೇ ನಿಲ್ಲುತ್ತದೆ. ಕಟ್ಟೆ ಒಡೆದರೆ ಉಪ್ಪುನೀರು ನುಗ್ಗುತ್ತದೆ. ಕಗ್ಗ ಭತ್ತ ಉಪ್ಪು ತಾಳೀತು. ಬೇರೆ ತಳಿಗಳ ಎಳೆ ಪೈರು ತಾಳಲಾರದು.

ಆದ್ದರಿಂದ ಅಮಾವಾಸ್ಯೆ, ಹುಣ್ಣಿಮೆಗೆ ಮುಂಚೆಯೇ ಕಟ್ಟೆಯ ಬಿರುಕು ಮುಚ್ಚಿರಿ. ದೊಡ್ಡ ಉಬ್ಬರ ಸಾಮಾನ್ಯವಾಗಿ ಆ ದಿನದ ನಂತರ ಒಂದೆರಡು ದಿನಕ್ಕೆ ಬರುತ್ತದೆ. ಉಬ್ಬರದಲ್ಲಿ ತೂಬಿನ ಹಲಗೆ ಹಾಕಿ, ಇಳಿತದಲ್ಲಿ ತೆಗೆದು ಮಳೆನೀರನ್ನು ಹೊರಬಿಡಿರಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದನ್ನು ಮರೆಯದಿರಿ.

ಬಿತ್ತನೆಗೆ ಮಾತ್ರ ಹವಾಮಾನ ವರದಿಯನ್ನು ಕೇಳಿ, ನೆಲದ ಹದವನ್ನು ನೋಡಿ.