ಬಾಲ ಕಳಚಿದ ಸಲಹೆಗಳು

ಬೆಂಗಳೂರಿನ ದೊಡ್ಡ ಪಾರ್ಕುಗಳ ಗೇಟಿನ ಹೊರಗೆ ಬೆಳಗಿನ ಆರು ಗಂಟೆಗೆಲ್ಲ ಸ್ಟೀಲ್ ಕ್ಯಾನುಗಳು ಸಾಲಾಗಿ ಬಂದು ಕೂತಿರುತ್ತವೆ. ಹಾಗಲ, ಬೂದುಗುಂಬಳ, ಬಾಳೆದಿಂಡು, ಗರಿಕೆ, ಸೋರೆ. ವಾಕಿಂಗ್ ಮುಗಿಸಿದವರು ಮುಖ ಕಿವುಚಿಕೊಂಡು ಒಂದೇ ಗುಟುಕಿಗೆ ಲೋಟ ಖಾಲಿ ಮಾಡುತ್ತಾರೆ. ‘ಕಹಿ ಇದ್ದಷ್ಟೂ ಒಳ್ಳೇದು, ರಕ್ತ ಕ್ಲೀನಾಗುತ್ತೆ’ ಎನ್ನುವುದು ಮಾರುವವರ ಮಾತಷ್ಟೇ ಅಲ್ಲ, ಕುಡಿಯುವವರದ್ದೂ.

ರಕ್ತ ಶುದ್ಧಿ ಮಾಡುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಯಾರೂ ಹೇಳದೆಯೇ ಮಾಡುತ್ತಿರುತ್ತವೆ, ಅದಿರಲಿ. ಹಾಗಲಕ್ಕೆ ಕಹಿ ಹುಟ್ಟುಗುಣ. ಸೋರೆಕಾಯಿ ಹಾಗಲ್ಲ, ಅದು ಸಪ್ಪೆಯಾಗಿಯೇ ಇರಬೇಕಾದ ಕಾಯಿ. ಅದು ಕಹಿಯಾಗಿದ್ದರೆ ಕುಕುರ್ಬಿಟಾಸಿನ್ ಎಂಬ ವಿಷ ಹೆಚ್ಚಾಗಿ ಸೇರಿದೆ ಎಂದರ್ಥ. ಹುಳುಹುಪ್ಪಟೆ, ದನಕರು ಬಾಯಿ ಹಾಕದಿರಲೆಂದು ಬಳ್ಳಿ ತಾನೇ ತಯಾರಿಸಿಕೊಳ್ಳುವ ವಿಷ ಅದು. ಕುಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ಹೆಚ್ಚಾದರೆ ರಕ್ತವಾಂತಿಯಾಗಿ ಬಿ.ಪಿ. ಕುಸಿಯುತ್ತದೆ. ಇದಕ್ಕೆಂದೇ ಪ್ರತಿವಿಷವಿಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಇದೇ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿ ಕಹಿ ಸೋರೆಯ ರಸವನ್ನು ಕುಡಿಯಲೇಬಾರದು ಎಂದು ಹೇಳಿತು.

ನಮ್ಮ ಅಡುಗೆಮನೆಗಳಿಗೆ ಇದು ಹೊಸ ವಿಷಯವೇನಲ್ಲ. ಸೋರೆಯಾಗಲಿ ಸೌತೆಯಾಗಲಿ, ತುದಿಯ ಒಂದು ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ, ಕಹಿ ಇದ್ದರೆ ತಿಪ್ಪೆಗೆಸೆಯುವುದು ಹಳೆಯ ರೂಢಿ. ಮಿಕ್ಸಿಗೆ ಹಾಕಿ, ನಿಂಬೆ, ಶುಂಠಿ, ಉಪ್ಪು ಬೆರೆಸಿ ಕುಡಿಯುವಾಗ ಆ ಚೂರು ತಪ್ಪಿಹೋಯಿತು. ‘ಸೋರೆ ಒಳ್ಳೆಯದು’ ಎಂಬ ಮಾತು ಉಳಿಯಿತು, ‘ಕಹಿ ಇಲ್ಲದಿದ್ದರೆ’ ಎಂಬ ಬಾಲ ಕಳಚಿಬಿತ್ತು.

ಆರೋಗ್ಯದ ಬಗ್ಗೆ ನಾವು ದಿನವೂ ಹಂಚಿಕೊಳ್ಳುವ ಮಾತುಗಳಲ್ಲಿ ಪೂರ್ತಿ ಸುಳ್ಳು ಕಡಿಮೆಯೇ. ಹೆಚ್ಚಿನವು ಹೀಗೆ ಬಾಲ ಕಳೆದುಕೊಂಡ ನಿಜಗಳು. ‘ದಿನಕ್ಕೆ ಎಂಟು ಲೋಟ ನೀರು’ ಎಂಬುದನ್ನೇ ನೋಡಿ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಎಂದು ಬರೆದು, ಅದರ ಬಹುಪಾಲು ಊಟದಲ್ಲೇ ಸಿಗುತ್ತದೆ ಎಂದು ಸೇರಿಸಿತ್ತು. ಲೆಕ್ಕ ಜಗತ್ತು ಸುತ್ತಿತು, ಆ ಎರಡನೇ ಮಾತು ಅಲ್ಲೇ ಉಳಿಯಿತು. ಸಾರು, ಮಜ್ಜಿಗೆ, ಅನ್ನ, ಹಣ್ಣು ಎಲ್ಲದರಲ್ಲೂ ನೀರಿದೆ. ಕಾಫಿಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಲಬುರಗಿಯ ಹೊಲದಲ್ಲಿ ದುಡಿಯುವವರಿಗೆ ಎಂಟು ಲೋಟ ಎಲ್ಲಿಗೂ ಸಾಲದು. ಎ.ಸಿ. ಕೋಣೆಯಲ್ಲಿ ಕೂತವರಿಗೆ ಅಷ್ಟು ಬೇಡದಿರಬಹುದು. ಹೃದಯ ಅಥವಾ ಮೂತ್ರಪಿಂಡ ಸೋತವರಿಗೆ ವೈದ್ಯರೇ ನೀರಿಗೆ ಮಿತಿ ಹಾಕಿರುತ್ತಾರೆ. ಅಂಥವರ ಮುಂದೆ ಒಂದು ಲೀಟರಿನ ಬಾಟಲಿ ಇಟ್ಟು ಒತ್ತಾಯಿಸುವುದು ಪ್ರೀತಿಯಿಂದಲೇ ಆದರೂ ಅಪಾಯ.

‘ಹತ್ತು ಸಾವಿರ ಹೆಜ್ಜೆ’ಗೆ ಇಷ್ಟು ಇತಿಹಾಸವೂ ಇಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ ಅದು. ಅಮೆರಿಕದ ವಯಸ್ಸಾದ ಮಹಿಳೆಯರ ಬಗ್ಗೆ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನಾಲ್ಕೂವರೆ ಸಾವಿರದ ಹತ್ತಿರವೇ ಲಾಭ ಕಾಣಿಸಿಕೊಂಡು, ಏಳೂವರೆ ಸಾವಿರದ ಆಸುಪಾಸಿನಲ್ಲಿ ಸಮತಟ್ಟಾಗಿತ್ತು. ಮೊಣಕಾಲು ಹಿಡಿದುಕೊಂಡು ಹಾಲ್‌ನಲ್ಲಿ ರಾತ್ರಿ ಹತ್ತಕ್ಕೆ ಲೆಕ್ಕ ಭರ್ತಿ ಮಾಡುವ ಅಜ್ಜಿಯರು ಮಲಗಬಹುದು.

ಇನ್ನು ನಮ್ಮದೇ ವಿಷಯ: ‘ಶುಗರ್ ಇದೆಯಾ? ಅನ್ನ ಬಿಡಿ, ಮುದ್ದೆ ತಿನ್ನಿ.’ ಹಳೆ ಮೈಸೂರು ಸೀಮೆಯಲ್ಲಿ ಇದನ್ನು ಪ್ರಶ್ನಿಸುವುದು ಕಷ್ಟ. ರಾಗಿಯನ್ನು ಕಡೆಗಣಿಸುವ ಉದ್ದೇಶ ನನಗೂ ಇಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ನಾರೂ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು. ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಕೂಡ ಇದೆ. ಅಕ್ಕಿಯಲ್ಲಿ 78ರಷ್ಟು. ಅಂತರ ಅಷ್ಟೇ. ಗದ್ದೆಯಲ್ಲಿ ದುಡಿದು ಬಂದವರು ಎರಡು ದೊಡ್ಡ ಮುದ್ದೆ ಮುರಿದರೆ ಅದು ಮೈಯಲ್ಲಿ ಕರಗುತ್ತಿತ್ತು. ಇಡೀ ದಿನ ಕುರ್ಚಿ ಬಿಡದವರು ಅದೇ ಎರಡು ಮುದ್ದೆಯನ್ನು ‘ಶುಗರ್‌ಗೆ ಒಳ್ಳೇದು’ ಎಂದು ತಿಂದರೆ ಗ್ಲುಕೋಮೀಟರ್ ಬೇರೆಯದೇ ಹೇಳುತ್ತದೆ. ಅದರಲ್ಲೂ ನುಣ್ಣಗೆ ಬೀಸಿ, ಜರಡಿ ಹಿಡಿದ ಹಿಟ್ಟಿನ ಗಂಜಿ, ಮಾಲ್ಟ್ ಗಟ್ಟಿ ಆಹಾರಕ್ಕಿಂತ ಬೇಗ ಸಕ್ಕರೆ ಏರಿಸುತ್ತವೆ. ಚಿಕ್ಕ ಮುದ್ದೆ, ಜೊತೆಗೆ ಧಾರಾಳ ಸೊಪ್ಪುಸಾರು, ಬೇಳೆ ಅಥವಾ ಮೊಳಕೆಕಾಳು: ಮಾತಿನ ಬಾಲ ಇದು. ತಿಂದ ಎರಡು ಗಂಟೆಯ ನಂತರ ಒಮ್ಮೆ ಪರೀಕ್ಷೆ ಮಾಡಿಸಿದರೆ ನಿಮ್ಮ ಮೈಗೆ ಎಷ್ಟು ಒಗ್ಗುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಬೆಲ್ಲದ ಕಥೆಯನ್ನು ಬೇಗ ಮುಗಿಸಬಹುದು. ಅದೂ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಕಬ್ಬಿಣಾಂಶ ಇದೆ, ಆದರೆ ಕಾಫಿಗೆ ಹಾಕುವ ಒಂದು ಚಮಚದಲ್ಲಿ ಎಷ್ಟಿದ್ದೀತು? ಸೈಂಧವ ಲವಣ ಸ್ವಲ್ಪ ಗಂಭೀರ. ಬಿ.ಪಿ. ಇರುವವರು ಗುಲಾಬಿ ಉಪ್ಪನ್ನು ನಿಶ್ಚಿಂತೆಯಿಂದ ಸುರಿದುಕೊಳ್ಳುತ್ತಾರೆ. ಅದರಲ್ಲಿರುವುದೂ ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡೇ. ಅದರ ಮೇಲೆ ಅಯೋಡಿನ್ ಬೇರೆ ಸಾಲದು. ಅಯೋಡಿನ್ ಕೊರತೆಯಿಂದ ಬರುವ ಗಳಗಂಡ ತಡೆಯಲು 1962ರಷ್ಟು ಹಿಂದೆಯೇ ದೇಶದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿತ್ತು. ಬಸುರಿ ಇರುವ ಮನೆಯಲ್ಲಿ ಅಯೋಡಿನ್ ಉಪ್ಪಿನ ಡಬ್ಬಿಯನ್ನು ಪೂರ್ತಿ ಹೊರಗಿಡುವುದು ಹುಟ್ಟುವ ಮಗುವಿನ ಮಿದುಳಿನ ಬೆಳವಣಿಗೆಯ ಜೊತೆ ಆಟವಾಡಿದಂತೆ. ಬಣ್ಣ ಯಾವುದಾದರೂ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಸೇರಿತು.

ಮನಸ್ಸಿನ ವಿಷಯದಲ್ಲೂ ಲೆಕ್ಕದ ಹುಚ್ಚು ಇದೆ. ‘21 ದಿನ ಮಾಡಿದರೆ ಅಭ್ಯಾಸವಾಗುತ್ತದೆ’ ಎಂಬುದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ ಬರೆದ ಮಾತು. ಬದಲಾದ ತಮ್ಮ ಮುಖಕ್ಕೆ ರೋಗಿಗಳು ಒಗ್ಗಿಕೊಳ್ಳಲು ‘ಕನಿಷ್ಠ’ ಅಷ್ಟು ದಿನ ಬೇಕು ಎಂದಿದ್ದರು ಅವರು. ಕನಿಷ್ಠ ಹೋಯಿತು, ಮುಖ ಹೋಯಿತು, 21 ಉಳಿಯಿತು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹೊಸ ರೂಢಿ ಕೂರಲು ಹಿಡಿದದ್ದು 18ರಿಂದ 254 ದಿನ, ನಡುಮಟ್ಟ 66. ಒಂದು ದಿನ ತಪ್ಪಿದರೆ ಎಲ್ಲ ಹಾಳಾಗಲೂ ಇಲ್ಲ. 22ನೇ ದಿನ ಬೆಳಿಗ್ಗೆ ಏಳಲಾಗದೆ ‘ನನ್ನ ಕೈಲಾಗಲ್ಲ’ ಎಂದು ಯೋಗದ ಚಾಪೆ ಸುತ್ತಿಟ್ಟವರಿಗೆ ಇದು ಗೊತ್ತಿರಬೇಕಿತ್ತು.

ಬಾಲವೂ ಇಲ್ಲದ, ತಲೆಯೂ ಇಲ್ಲದ ಮಾತು ಒಂದಿದೆ. ‘ಸಾಯ್ತೀನಿ ಸಾಯ್ತೀನಿ ಅನ್ನೋರು ಸಾಯಲ್ಲ ಬಿಡಿ.’ ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ಇದಕ್ಕೆ ಜೋಡಿಸುತ್ತಾರೆ. ಇದು ಶುದ್ಧ ಸುಳ್ಳು. ಆತ್ಮಹತ್ಯೆ ಮಾಡಿಕೊಂಡವರಲ್ಲಿ ಅನೇಕರು ಮೊದಲೇ ಯಾರಿಗಾದರೂ ಹೇಳಿರುತ್ತಾರೆ ಅಥವಾ ಸುಳಿವು ಕೊಟ್ಟಿರುತ್ತಾರೆ. ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎನ್ನುವುದು, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಯಾರಿಗೋ ಕೊಟ್ಟುಬಿಡುವುದು, ಸಾಲದ ಲೆಕ್ಕವನ್ನೆಲ್ಲ ಬರೆದಿಡುವುದು ಸುಮ್ಮನೆ ಹೆದರಿಸುವ ಆಟವಲ್ಲ.

ಇದರ ಜೋಡಿ ತಪ್ಪು: ‘ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತೆ.’ ಆಗುವುದಿಲ್ಲ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ, ಮೆಲ್ಲಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದೇ ಅಧ್ಯಯನಗಳು ಹೇಳುತ್ತವೆ. ಎಷ್ಟೋ ಮಂದಿಗೆ ಯಾರೋ ಕೇಳಿದರಲ್ಲ ಎಂಬ ಹಗುರ ಸಿಗುತ್ತದೆ. ಕೇಳಿದ ಮೇಲೆ ‘ಧೈರ್ಯ ತಗೋ’, ‘ಮಕ್ಕಳ ಮುಖ ನೋಡು’ ಎಂದು ಉಪದೇಶಕ್ಕೆ ಇಳಿಯಬಾರದು, ಅಷ್ಟೇ. ಅವರು ಹೇಳುವುದನ್ನು ಪೂರ್ತಿ ಕೇಳಿ. ಅವರನ್ನು ಒಬ್ಬರೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಮಾತ್ರೆಗಳ ಡಬ್ಬಿ ಅವರ ಕೈಗೆ ಸಿಗದಂತೆ ಬೇರೆಯವರ ಮನೆಯಲ್ಲಿಡಿ. ತುರ್ತಿನ ಹೊತ್ತು ಸಾಮಾನ್ಯವಾಗಿ ದಾಟಿ ಹೋಗುತ್ತದೆ, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿರುವುದು ಜೀವ ಉಳಿಸುತ್ತದೆ.

ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಪ್ರಯತ್ನವನ್ನು ಮುಚ್ಚಿಟ್ಟು, ಚಿಕಿತ್ಸೆಗೂ ಕರೆದೊಯ್ಯದ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತನಾಡಬಹುದು, ನೊಂದವರೇ ಮಾಡಬೇಕೆಂದಿಲ್ಲ, ಏನು ಮಾಡಬೇಕೆಂದು ತೋಚದ ಮನೆಯವರೂ ಕರೆ ಮಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿದುಕೊಳ್ಳಿ.