ಜೇಬಿಗೆ ಬಂದ ಇನ್ಸುಲಿನ್

ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲು ಚಾಂಪಿಯನ್ ರೀಫ್ಸ್‌ನವರಿಗೆ ಚಿರಪರಿಚಿತ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲಂತೂ ಎಷ್ಟೋ ಮನೆಗಳ ದುಡಿಮೆ, ಓದು ಎರಡಕ್ಕೂ ಅದೇ ಗತಿ. ಕತ್ತಲಿರುವಾಗಲೇ ಮನೆ ಬಿಟ್ಟು ರಾತ್ರಿ ಹಿಂದಿರುಗುವವರಿಗೆ ಮಧುಮೇಹವಿದ್ದರೆ, ಊಟಕ್ಕೆ ಮುಂಚಿನ ಇನ್ಸುಲಿನ್ ಎಲ್ಲಿ ತೆಗೆದುಕೊಳ್ಳಬೇಕು? ಸೀಸೆ, ಸಿರಿಂಜು, ಹತ್ತಿ ಹರಡಿಕೊಂಡು ಕೂರಲು ಅಲ್ಲಿ ಜಾಗವೆಲ್ಲಿದೆ? ಈ ತೊಡಕನ್ನು ಬಹುಮಟ್ಟಿಗೆ ಇಳಿಸಿದ ಸಾಧನವೇ ಇನ್ಸುಲಿನ್ ಪೆನ್.

ಇನ್ಸುಲಿನ್ನನ್ನು ಮಾತ್ರೆಯಂತೆ ಏಕೆ ನುಂಗಬಾರದು ಎಂದು ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಅದು 51 ಅಮೈನೋ ಆಮ್ಲಗಳಿಂದಾದ ಪ್ರೋಟೀನು. ನುಂಗಿದರೆ ಬೇಳೆ, ಮೊಟ್ಟೆಯ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ. ಹಾಗಾಗಿ 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟಂದಿನಿಂದಲೂ ಸೂಜಿಯೇ ಮುಖ್ಯ ದಾರಿ. 1985ರಲ್ಲಿ ಡೆನ್ಮಾರ್ಕಿನ ನೋವೋ ಸಂಸ್ಥೆ ಮೊದಲ ಪೆನ್ನನ್ನು ಹೊರತಂದಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನೂ 2011ರಲ್ಲಿ ತನ್ನ ಪೆನ್ನನ್ನೂ ಮಾರುಕಟ್ಟೆಗೆ ತಂದಿತು.

ಪೆನ್ನಿನೊಳಗೆ ಇರುವುದು ಸರಳ ಯಂತ್ರವೇ. ಶಾಯಿಯ ಜಾಗದಲ್ಲಿ 3 ಮಿ.ಲೀ. ಕಾರ್ಟ್ರಿಜ್, ಅದರ ಹಿಂದೆ ತಿರುಪಿನ ದಂಡ. ಗುಂಡಿಯನ್ನು ತಿರುಗಿಸಿದಾಗ ಬರುವ ಒಂದೊಂದು 'ಟಿಕ್' ಸಾಮಾನ್ಯವಾಗಿ ಒಂದು ಯೂನಿಟ್, ಅಂದರೆ 0.01 ಮಿ.ಲೀ. ಕಣ್ಣು ಮಂಜಾದವರೂ ಎಣಿಸಿಕೊಳ್ಳಬಹುದು. ಪೆನ್ನಿನಲ್ಲಿರುವುದು 'ಹೆಚ್ಚು ಪವರಿನ' ಔಷಧವೆಂಬ ಮಾತು ಮಾತ್ರ ಸರಿಯಲ್ಲ. ಯೂನಿಟ್ ಎಲ್ಲಿದ್ದರೂ ಯೂನಿಟ್ಟೇ.

ಆದರೆ ಸಾಂದ್ರತೆ ಬೇರೆ. ಇಲ್ಲಿ ವಿದ್ಯಾರ್ಥಿಗಳು ಕಾಗದ ತೆಗೆದುಕೊಳ್ಳಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಮಿ.ಲೀ.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ ಸಾಮಾನ್ಯವಾಗಿ 100. ಪೆನ್ ಕೆಟ್ಟಿತೆಂದು ಯಾರಾದರೂ ಕಾರ್ಟ್ರಿಜ್‌ನಿಂದ 40ರ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು! ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು. ಈ ಎಳೆಯುವ ಸಾಹಸ ಬೇಡವೇ ಬೇಡ.

ಪ್ರತಿ ಸಲವೂ ಹೊಸ ಸೂಜಿ ಹಾಕಿ, ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಬೇಕು. ಚುಚ್ಚಿ ಗುಂಡಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯುವುದು ಒಳ್ಳೆಯದು. ಮಸುಕು ಬಣ್ಣದ ಇನ್ಸುಲಿನ್ ಆದರೆ ಮೊದಲು ಅಂಗೈಗಳ ನಡುವೆ ಉರುಳಿಸಿ, ಮೇಲೆ ಕೆಳಗೆ ಮಾಡಿ ಬೆರೆಸಬೇಕು, ಕುಲುಕಬಾರದು. ಒಬ್ಬರ ಪೆನ್ನನ್ನು ಇನ್ನೊಬ್ಬರು, ಸೂಜಿ ಬದಲಿಸಿಯೂ ಬಳಸಕೂಡದು. ರಕ್ತದ ಕಣ ಕಾರ್ಟ್ರಿಜ್‌ನೊಳಗೆ ಸೇರಿರಬಹುದು.

ತೆರೆಯದ ಕಾರ್ಟ್ರಿಜ್‌ಗಳು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಲ್ಲ. ಬಳಕೆಯಲ್ಲಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಕೆಡದು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮನೆಯೊಳಗೆ ಅಷ್ಟು ತಂಪು ಎಲ್ಲಿ? ಮಣ್ಣಿನ ಗಡಿಗೆಯೊಳಗೆ ನೀರು ತಾಗದಂತೆ ಇಟ್ಟರೆ ಆಗುತ್ತದೆ. ಬಾಷ್ಪೀಕರಣದಿಂದ ತಂಪಾಗುವುದು ಪಾಠದಲ್ಲೇ ಇದೆಯಲ್ಲ!

ಟೈಪ್ 1 ಮಧುಮೇಹವಿರುವ ಮಕ್ಕಳು ನಾಚಿಕೆಯಿಂದ ಪೆನ್ನನ್ನು ಚೀಲದ ತಳದಲ್ಲಿ ಬಚ್ಚಿಡುವುದುಂಟು. ತಂದೆತಾಯಿಗಳು ವಿಷಯವನ್ನು ತರಗತಿಯ ಶಿಕ್ಷಕರಿಗೂ ಒಬ್ಬ ಗೆಳೆಯನಿಗೂ ತಿಳಿಸಿಡಬೇಕು. ಮಗು ಬೆವರಿ ನಡುಗಿದರೆ, ಮಂಕಾದರೆ ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪೆನ್ನಿನ ಪಕ್ಕದಲ್ಲೇ ಒಂದು ಗ್ಲೂಕೋಸ್ ಪೊಟ್ಟಣವೂ ಇರಲಿ.