ಬಿಳಿ ಸೆರಗಿಗೆ ಊಹೆಯ ಮದ್ದು ಸಾಲದು

ಮಡಿಕೇರಿಯಿಂದ ಮಂಗಳೂರಿನ ಕಡೆಗೆ ಘಾಟಿಯಿಳಿದು ಬಂದವರನ್ನು ಎದುರುಗೊಳ್ಳುವ ಊರು ಸಂಪಾಜೆ. ಹೆಸರು ಒಂದೇ, ಜಿಲ್ಲೆ ಎರಡು. ಒಂದು ಭಾಗ ಕೊಡಗಿಗೆ, ಇನ್ನೊಂದು ದಕ್ಷಿಣ ಕನ್ನಡಕ್ಕೆ ಸೇರಿದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಮೇಲಕ್ಕೆ ಮಡಿಕೇರಿ, ಕೆಳಕ್ಕೆ ಸುಳ್ಯ. ಎರಡೂ ಕಡೆ ಈಗ ವೈದ್ಯಕೀಯ ಕಾಲೇಜುಗಳಿವೆ. ಆದರೆ ಆಸ್ಪತ್ರೆಯ ಬಸ್ಸು ಹತ್ತುವ ಮೊದಲು ಹೆಂಗಸರು ಹತ್ತು ಬಾರಿ ಯೋಚಿಸುವ ತೊಂದರೆಯೊಂದಿದೆ. ಅದು ಸಂಪಾಜೆಯ ಸಂಗತಿ ಮಾತ್ರವಲ್ಲ, ಬೆಂಗಳೂರಿನದೂ ಹೌದು. ಬಿಳಿ ಸೆರಗು, ಬಿಳುಪು ಹೋಗುವುದು ಎಂದೆಲ್ಲ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವ ತೊಂದರೆ ಅದು.

ಯೋನಿಯ ಸ್ರಾವವೆಲ್ಲ ರೋಗವಲ್ಲ. ಋತುಚಕ್ರದ ನಡುವಣ ದಿನಗಳಲ್ಲಿ ಮತ್ತು ಗರ್ಭಿಣಿಯರಲ್ಲಿ ಅದು ಹೆಚ್ಚುವುದು ಸಹಜ. 'ಮೈಯಲ್ಲಿ ಉಷ್ಣವಾಗಿದೆ' ಎಂದು ಮೆಂತ್ಯದ ನೀರು ಕುಡಿಸುವುದು ನಮ್ಮ ಮನೆಗಳ ವಾಡಿಕೆ. ಅದರಿಂದ ಕೆಡುಕಿಲ್ಲ, ಆದರೆ ಸೋಂಕಿದ್ದರೆ ವಾಸಿಯಾಗುವುದೂ ಇಲ್ಲ. ನೆರೆಯ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆ ಇನ್ನೊಂದು ಮುಖವನ್ನು ತೋರಿಸಿತು. ಬಿಳಿ ಸೆರಗಿನ ದೂರು ಸೋಂಕಿಗಿಂತ ಹೆಚ್ಚಾಗಿ ಮನಸ್ಸಿನ ಒತ್ತಡ ಮತ್ತು ಸಾಮಾಜಿಕ ಸಂಕಟಗಳೊಂದಿಗೆ ನಂಟು ಹೊಂದಿತ್ತು. ಅಂದರೆ ದೂರು ಇದ್ದವರಲ್ಲಿ ಸೋಂಕು ಇರದಿರಬಹುದು. ಇದಕ್ಕೆ ತದ್ವಿರುದ್ಧವಾಗಿ, ಸೋಂಕು ಇದ್ದವರಲ್ಲಿ ದೂರೇ ಇರದಿರಬಹುದು. ಅಮೆರಿಕದಲ್ಲಿ 2001-04ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಪತ್ತೆಯಾದ ಮಹಿಳೆಯರ ಪೈಕಿ ಶೇ. 84ರಷ್ಟು ಮಂದಿಗೆ ಯಾವ ಲಕ್ಷಣವೂ ಕಂಡಿರಲಿಲ್ಲ.

ಏನಿದು ಬ್ಯಾಕ್ಟೀರಿಯಲ್ ವಜೈನೋಸಿಸ್? ಮೊಸರಿನ ಉದಾಹರಣೆಯಿಂದ ಇದನ್ನು ಸುಲಭವಾಗಿ ಅರಿಯಬಹುದು. ಹೆಪ್ಪು ಹಾಕಿದ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳ ಬಳಗಕ್ಕೇ ಸೇರಿದ ಲ್ಯಾಕ್ಟೋಬ್ಯಾಸಿಲಸ್‌ಗಳು ಆರೋಗ್ಯವಂತ ಯೋನಿಯಲ್ಲಿ ನೆಲೆಸಿರುತ್ತವೆ. ಜರ್ಮನ್ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ಇವನ್ನು ವರ್ಣಿಸಿದ್ದರು. ಈಸ್ಟ್ರೊಜೆನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ ಸಂಗ್ರಹವಾಗುತ್ತದೆ. ಅದರಿಂದ ದೊರೆಯುವ ಸಕ್ಕರೆಯನ್ನು ಈ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿಸಿ ಪಿಎಚ್ ಮಟ್ಟವನ್ನು 4.5ಕ್ಕಿಂತ ಕೆಳಗೆ ಹಿಡಿದಿಡುತ್ತವೆ. ಆ ಹುಳಿಯಲ್ಲಿ ಪರಕೀಯ ಜೀವಾಣುಗಳಿಗೆ ಬೇರೂರುವುದು ಕಷ್ಟ.

ಯಾವುದೋ ಕಾರಣಕ್ಕೆ ಲ್ಯಾಕ್ಟೋಬ್ಯಾಸಿಲಸ್‌ಗಳು ಕುಗ್ಗಿ, ಅಲ್ಪ ಸಂಖ್ಯೆಯಲ್ಲಿದ್ದ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿಕೊಂಡ ಸ್ಥಿತಿಯೇ ಬ್ಯಾಕ್ಟೀರಿಯಲ್ ವಜೈನೋಸಿಸ್. 1955ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಡ್ಯೂಕ್ಸ್ ಎಂಬ ವಿಜ್ಞಾನಿಗಳು ಒಂದೇ ಒಂದು ಬ್ಯಾಕ್ಟೀರಿಯಾವನ್ನು ಇದಕ್ಕೆ ಹೊಣೆ ಮಾಡಿದರು. ಅದೇ ಇಂದಿನ ಗಾರ್ಡ್ನರೆಲ್ಲಾ. ಆದರೆ ಯಾವ ತೊಂದರೆಯೂ ಇಲ್ಲದ ಅನೇಕ ಮಹಿಳೆಯರಲ್ಲೂ ಅದು ಸಿಗುತ್ತದೆಂಬುದು ಬಳಿಕ ತಿಳಿಯಿತು. ಆದ್ದರಿಂದ ಕಲ್ಚರ್ ವರದಿಯಲ್ಲಿ ಆ ಹೆಸರು ಕಂಡ ಮಾತ್ರಕ್ಕೆ ರೋಗ ಖಚಿತವಾಗದು. ದುಬಾರಿ ಪರೀಕ್ಷೆಯೇ ಉತ್ತಮ ಪರೀಕ್ಷೆ ಎಂದು ನಂಬುವ ನಗರವಾಸಿಗಳು ಇದನ್ನು ಗಮನಿಸಬೇಕು.

ಖಚಿತಪಡಿಸುವ ಬಗೆ ಅಚ್ಚರಿಯೆನಿಸುವಷ್ಟು ಸರಳವಾದುದು. 1983ರಲ್ಲಿ ಆಮ್ಸೆಲ್ ಮತ್ತು ಸಂಗಡಿಗರು ನಾಲ್ಕು ಗುರುತುಗಳನ್ನು ಹೇಳಿದರು. ಮೂರು ಕೂಡಿ ಬಂದರೆ ರೋಗವಿದೆಯೆಂದು ಅರ್ಥ. ಒಳಗೋಡೆಗೆ ಸಮನಾಗಿ ಅಂಟಿಕೊಂಡಿರುವ ತೆಳುವಾದ ಬೂದುಬಿಳುಪಿನ ಸ್ರಾವ ಮೊದಲನೆಯದು. ಪಿಎಚ್ 4.5ನ್ನು ಮೀರಿರುವುದು ಎರಡನೆಯದು. ಇದಕ್ಕೆ ಬಣ್ಣ ಬದಲಿಸುವ ಒಂದು ಕಾಗದದ ಪಟ್ಟಿ ಸಾಕು. ಸ್ರಾವಕ್ಕೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟಾಗ ಮೀನಿನ ವಾಸನೆ ಏಳುವುದು ಮೂರನೆಯದು. ವೀರ್ಯವೂ ಕ್ಷಾರೀಯವಾದ್ದರಿಂದ ದಾಂಪತ್ಯ ಸಂಪರ್ಕದ ನಂತರ ಇದೇ ವಾಸನೆ ಹೆಚ್ಚುತ್ತದೆ. ಮೈಲಿಗೆ, ಅಶುಚಿತ್ವ ಎಂದು ಎಷ್ಟೋ ಮನೆಗಳಲ್ಲಿ ಹೆಣ್ಣನ್ನು ಹಳಿಯುವುದಕ್ಕೆ ಕಾರಣವಾಗುವ ಈ ವಾಸನೆಯ ಹಿಂದಿರುವುದು ಅಮೈನ್‌ಗಳೆಂಬ ರಾಸಾಯನಿಕಗಳೇ ಹೊರತು ಅವಳ ನಡತೆಯಲ್ಲ. ನಾಲ್ಕನೆಯ ಗುರುತು ಸೂಕ್ಷ್ಮದರ್ಶಕದಡಿ ಸಿಗುತ್ತದೆ: ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದಂತೆ ಬ್ಯಾಕ್ಟೀರಿಯಾ ಮುತ್ತಿಕೊಂಡು ಅಂಚು ಮಸುಕಾದ ಜೀವಕೋಶಗಳು. ವೈದ್ಯರು ಇವನ್ನು ಕ್ಲೂ ಸೆಲ್, ಅಂದರೆ ಸುಳಿವಿನ ಕೋಶ ಎನ್ನುತ್ತಾರೆ.

1991ರಲ್ಲಿ ಬಂದ ನ್ಯೂಜೆಂಟ್ ಅಂಕ ಪದ್ಧತಿ ಸಂಶೋಧಕರ ಒರೆಗಲ್ಲಾಯಿತು. ಸ್ಲೈಡಿಗೆ ಗ್ರಾಂ ಬಣ್ಣ ಹಾಕಿ, ನೇರಳೆಯ ಲ್ಯಾಕ್ಟೋಬ್ಯಾಸಿಲಸ್ ಎಷ್ಟು, ಉಳಿದವು ಎಷ್ಟು ಎಂದು ಎಣಿಸಿ 0ರಿಂದ 10ರವರೆಗೆ ಅಂಕ ನೀಡುವುದು ಅದರ ಕ್ರಮ. 3ರವರೆಗೆ ಸಹಜ, 7 ಮತ್ತು ಮೇಲ್ಪಟ್ಟರೆ ರೋಗ, ನಡುವಿನದು ಮಧ್ಯಂತರ ಸ್ಥಿತಿ.

ಸಂಪಾಜೆಯ ಇದೇ ಹೆದ್ದಾರಿಯಲ್ಲಿರುವ ಮೈಸೂರಿನಲ್ಲಿ ಪೂರ್ಣಿಮಾ ಮಧಿವಾನನ್ ಮತ್ತು ಸಂಗಡಿಗರು 2005-06ರಲ್ಲಿ ಈ ಪದ್ಧತಿಯನ್ನೇ ಬಳಸಿದರು. 15ರಿಂದ 30 ವರ್ಷದ 898 ಮಹಿಳೆಯರು ಅಧ್ಯಯನಕ್ಕೆ ಒಳಪಟ್ಟರು. ಸ್ಲೈಡ್ ದೊರೆತ 863 ಮಂದಿಯಲ್ಲಿ 165 ಮಂದಿಗೆ, ಅಂದರೆ ಶೇ. 19.1ರಷ್ಟು ಮಹಿಳೆಯರಿಗೆ ಈ ತೊಂದರೆಯಿತ್ತು. ಮತ್ತೆ 133 ಮಂದಿ ಮಧ್ಯಂತರ ಸ್ಥಿತಿಯಲ್ಲಿದ್ದರು. ಟ್ರೈಕೋಮೊನಾಸ್ ಎಂಬ ಲೈಂಗಿಕ ಸೋಂಕು ಮತ್ತು ಜನನಾಂಗದ ಹರ್ಪಿಸ್ ಇವರಲ್ಲಿ ಹೆಚ್ಚಾಗಿ ಜೊತೆಗೂಡಿದ್ದವು ಎಂಬುದು 2008ರಲ್ಲಿ ಪ್ರಕಟವಾದ ವರದಿಯ ಗಂಭೀರ ಅಂಶ. ಹುಳಿಯ ಕಾವಲು ಸಡಿಲವಾದಾಗ ಎಚ್‌ಐವಿ ತಗಲುವ ಅಪಾಯವೂ ಹೆಚ್ಚುತ್ತದೆ. ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆಯೊಂದಿಗೂ ಇದಕ್ಕೆ ನಂಟಿದೆ.

ಇಷ್ಟು ಅಗ್ಗದ ಪರೀಕ್ಷೆಯಿದ್ದೂ ಬಹಳ ಕಡೆ ಚಿಕಿತ್ಸೆ ಲಕ್ಷಣವನ್ನಷ್ಟೇ ಆಧರಿಸಿ ನಡೆಯುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವು ಬಣ್ಣದ ಪೊಟ್ಟಣಗಳನ್ನು ರೂಪಿಸಿತು. ಯೋನಿಸ್ರಾವಕ್ಕೆ ಮೀಸಲಾದ ಹಸಿರು ಪೊಟ್ಟಣದಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಇರುತ್ತವೆ. ಮೊದಲನೆಯದು ಬ್ಯಾಕ್ಟೀರಿಯಾ ಮತ್ತು ಟ್ರೈಕೋಮೊನಾಸ್‌ಗೆ, ಎರಡನೆಯದು ತುರಿಕೆಯೊಂದಿಗೆ ಗಟ್ಟಿ ಮೊಸರಿನಂತಹ ಸ್ರಾವ ತರುವ ಶಿಲೀಂಧ್ರಕ್ಕೆ. ಪ್ರಯೋಗಾಲಯವಿಲ್ಲದ ಕಡೆ, ಮತ್ತೆ ಬರುವಳೋ ಇಲ್ಲವೋ ಎಂಬ ರೋಗಿಗೆ ಒಂದೇ ಭೇಟಿಯಲ್ಲಿ ಮದ್ದು ದೊರೆಯುವುದು ಸಣ್ಣ ಲಾಭವಲ್ಲ. ಆದರೆ ಮೂರರಲ್ಲಿ ಯಾವುದೆಂದು ತಿಳಿಯದೆ ಮೂರಕ್ಕೂ ಮದ್ದು ನುಂಗುವುದು, ಯಾವುದೂ ಇಲ್ಲದವಳೂ ನುಂಗುವುದು ಎಷ್ಟು ಸರಿ? ಟ್ರೈಕೋಮೊನಾಸ್ ಆದರೆ ಗಂಡನಿಗೂ ಚಿಕಿತ್ಸೆ ಕಡ್ಡಾಯ. ಸಹಜ ಸ್ರಾವವಾದರೆ ಯಾರಿಗೂ ಬೇಡ.

ಸಂಪಾಜೆಯಂತಹ ಊರುಗಳಿಗೆ ಇಲ್ಲೊಂದು ಅನುಕೂಲವಿದೆ. ಆಮ್ಸೆಲ್ ವಿಧಾನದ ಹಸಿ ಸ್ಲೈಡನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ನೋಡಬೇಕು. ಆದರೆ ಗ್ರಾಂ ಬಣ್ಣದ ಸ್ಲೈಡನ್ನು ಗಾಳಿಯಲ್ಲಿ ಒಣಗಿಸಿ ದೂರದ ಪ್ರಯೋಗಾಲಯಕ್ಕೂ ಕಳುಹಿಸಬಹುದು. ಮಹಿಳೆ ತಾನೇ ಹತ್ತಿಯ ಕಡ್ಡಿಯಿಂದ ತೆಗೆದ ಮಾದರಿಯೂ ಇದಕ್ಕೆ ಸಾಕಾಗುತ್ತದೆ; ಸಂಕೋಚಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿಯ ಹಾದಿ ಕಡಿದುಹೋಗಿದ್ದನ್ನು ಇಲ್ಲಿನವರು ಮರೆತಿಲ್ಲ. ಅಂತಹ ಮಳೆಗಾಲದಲ್ಲೂ ಒಣಗಿದ ಸ್ಲೈಡೊಂದು ಸುಳ್ಯದ ಬಸ್ಸಿನಲ್ಲಿ ಹೋಗಬಲ್ಲದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ರೂಢಿಗೆ ತರುವುದಕ್ಕೆ ಬೇಕಾದದ್ದು ಹಣಕ್ಕಿಂತ ಮನಸ್ಸು.

ಖಚಿತವಾದ ರೋಗಕ್ಕೆ ವೈದ್ಯರು ಸಾಮಾನ್ಯವಾಗಿ ಏಳು ದಿನಗಳ ಮೆಟ್ರೊನಿಡಜೋಲ್ ಬರೆಯುತ್ತಾರೆ. ವಾಸಿಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವರ್ಷದೊಳಗೆ ಅದು ಮರುಕಳಿಸುತ್ತದೆ. ಗಂಡನಿಗೆ ಚಿಕಿತ್ಸೆ ನೀಡಿದರೂ ಫಲವಿಲ್ಲವೆಂಬ ಬಹುಕಾಲದ ಅಭಿಪ್ರಾಯವನ್ನು ಆಸ್ಟ್ರೇಲಿಯದ ಸಂಶೋಧಕರು 2025ರಲ್ಲಿ ಅಲುಗಿಸಿದ್ದಾರೆ. 164 ಜೋಡಿಗಳ ಈ ಅಧ್ಯಯನದಲ್ಲಿ ಹೆಂಡತಿಗೆ ಮಾತ್ರ ಮದ್ದು ಕೊಟ್ಟಾಗ 12 ವಾರಗಳೊಳಗೆ ಶೇ. 63ರಷ್ಟು ಮಂದಿಗೆ ತೊಂದರೆ ಮರಳಿತು. ಸಂಗಾತಿಗೂ ಮಾತ್ರೆ ಮತ್ತು ಕ್ಲಿಂಡಾಮೈಸಿನ್ ಮುಲಾಮು ಕೊಟ್ಟಾಗ ಅದು ಶೇ. 35ಕ್ಕೆ ಇಳಿಯಿತು.

ಒಂದು ಎಚ್ಚರಿಕೆ ಉಳಿದಿದೆ. ವಾಸನೆ ಹೋಗಲೆಂದು ಸಾಬೂನು, ಡೆಟ್ಟಾಲ್ ಅಥವಾ ಜಾಹೀರಾತಿನ ಪರಿಮಳದ ದ್ರವಗಳಿಂದ ಒಳಭಾಗವನ್ನು ತೊಳೆಯುವುದು ಬೇಡ. ಅದು ಉಳಿದಿರುವ ಲ್ಯಾಕ್ಟೋಬ್ಯಾಸಿಲಸ್‌ಗಳನ್ನೂ ಅಳಿಸಿಹಾಕುತ್ತದೆ. ಹೊರಭಾಗಕ್ಕೆ ಬರಿಯ ನೀರು ಸಾಕು. ಸ್ರಾವದಲ್ಲಿ ರಕ್ತವಿದ್ದರೆ, ಕಿಬ್ಬೊಟ್ಟೆ ನೋವು ಅಥವಾ ಜ್ವರವಿದ್ದರೆ, ಗರ್ಭಿಣಿಯಾಗಿದ್ದರೆ ಔಷಧದ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ನುಂಗದೆ ವೈದ್ಯರನ್ನು ಕಾಣಬೇಕು. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಸಲಹೆ ಉಚಿತವಾಗಿ ದೊರೆಯುತ್ತದೆ.